ಅರ್ಧ ಅಂಕದ ಗೆರೆ

ಜೀವಕೋಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಮೊದಲು ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ, ಆಮೇಲೆ ಕಲಬುರಗಿ ನಗರದ ಇನ್ನೊಂದು ಶಾಲೆಯಲ್ಲಿ, ಒಟ್ಟು ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಆ ಚಿತ್ರವು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅಂಗಳದ ರಂಗೋಲಿ ಇದ್ದ ಹಾಗೆ. ಮನಸ್ಸು ಬೇರೆಲ್ಲೋ ಇದ್ದರೂ ಕೈ ತಾನಾಗಿ ಓಡುತ್ತಿತ್ತು. ಬಿಳಿಯ ಸೀಮೆಸುಣ್ಣದಿಂದ ಒಂದು ದೊಡ್ಡ ದುಂಡು, ನಡುವೆ ನೇರಳೆ ಬಣ್ಣದ ಕೋಶಕೇಂದ್ರ, ಅಲ್ಲಲ್ಲಿ ಕೆಂಪು ಮೈಟೊಕಾಂಡ್ರಿಯ, ಒಂದು ಬದಿಗೆ ಹಳದಿಯ ಗಾಲ್ಗಿ ಸಂಕೀರ್ಣ, ಎಲ್ಲ ಮುಗಿದ ಮೇಲೆ ಬಾಣದ ಗುರುತು ಹಾಕಿ ಹೆಸರುಗಳು. ಆ ದೊಡ್ಡ ದುಂಡನ್ನು ಎಳೆಯಲು ಒಂದು ಉಸಿರಿನಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ಅದರ ಹೆಸರು ಕೋಶಪೊರೆ. "ಇದು ಕೋಶವನ್ನು ಸುತ್ತುವರಿದಿರುತ್ತದೆ, ಬೇಕಾದ ವಸ್ತುಗಳನ್ನು ಮಾತ್ರ ಒಳಗೆ ಬಿಡುತ್ತದೆ" ಎಂದು ಒಂದು ವಾಕ್ಯ ಹೇಳಿ ನಾನು ಕೋಶಕೇಂದ್ರಕ್ಕೆ ಹೋಗಿಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಅಂಕ ಬರುವುದು ಒಳಗಿನ ಭಾಗಗಳಿಗೆ ಎಂಬ ನಂಬಿಕೆ ನನ್ನದೂ ಆಗಿತ್ತು, ಮಕ್ಕಳದೂ ಆಗಿತ್ತು.

ಹಳ್ಳಿಯ ಶಾಲೆಯಲ್ಲಿದ್ದಾಗ ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಈ ಹೊರಗೆರೆಯನ್ನು ಪೂರ್ತಿ ಎಳೆಯದೆ, ನಡುನಡುವೆ ಜಾಗ ಬಿಟ್ಟು, ತುಂಡುತುಂಡಾಗಿ ಎಳೆದಿದ್ದಳು. ಉಳಿದ ಭಾಗಗಳೆಲ್ಲ ಸರಿಯಾಗಿದ್ದವು. ಅವಸರದಲ್ಲಿ ಬರೆದಿದ್ದಾಳೆಂದು ತಿಳಿದು ನಾನು ಅರ್ಧ ಅಂಕ ಕಡಿದೆ. ಉತ್ತರಪತ್ರಿಕೆ ಹಂಚಿದ ದಿನ ಅವಳು ಮೇಜಿನ ಹತ್ತಿರ ಬಂದು ನಿಂತು ಕೇಳಿದಳು: "ಪೂರಾ ಮುಚ್ಚಿಬಿಟ್ರ ಅದು ಉಣ್ಣದು ಹ್ಯಾಂಗ್ರಿ ಸರ್? ಒಳಗ ಹೊರಗ ಹೋಗತದ ಅಂತ ನೀವೇ ಹೇಳಿರಲ್ಲ?" ನಾನು "ಪುಸ್ತಕದಾಗ ಹ್ಯಾಂಗ ಅದ ಹಂಗೇ ಬರಿಬೇಕವ್ವಾ" ಎಂದು ಹೇಳಿ ಮುಂದಿನ ಹೆಸರು ಕೂಗಿದೆ. ನಿವೃತ್ತನಾಗಿ ಮನೆಯಲ್ಲಿ ಕುಳಿತು, ಅವಸರವಿಲ್ಲದೆ ಓದುವ ಅವಕಾಶ ಸಿಕ್ಕ ಈ ನಾಲ್ಕು ವರ್ಷಗಳಲ್ಲಿ ಆ ಅರ್ಧ ಅಂಕ ನನ್ನನ್ನು ಬಿಟ್ಟಿಲ್ಲ. ಈ ಬರಹ ಆ ಗೆರೆಯ ಕುರಿತದ್ದು.

ಜೀವಕೋಶದ ಕಥೆಯನ್ನು ಎಲ್ಲರೂ ರಾಬರ್ಟ್ ಹುಕ್‌ನಿಂದ ಆರಂಭಿಸುತ್ತಾರೆ, ನಾನೂ ಹಾಗೆಯೇ ಮಾಡುತ್ತಿದ್ದೆ. 1665ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಂಡದ್ದನ್ನು ವರ್ಣಿಸಿದ. ಜೇನುಹುಟ್ಟಿನಂತೆ, ಆದರೆ ಅಷ್ಟು ಕ್ರಮಬದ್ಧವಲ್ಲದ ಸಣ್ಣ ಸಣ್ಣ ಕೋಣೆಗಳು. ಒಂದು ಘನ ಅಂಗುಲದಲ್ಲಿ ಅಂಥವು 125 ಕೋಟಿಗೂ ಹೆಚ್ಚು ಇರಬೇಕೆಂದು ಲೆಕ್ಕವನ್ನೂ ಹಾಕಿದ. ಆದರೆ ಆತ ಕಂಡದ್ದು ಖಾಲಿ ಕೋಣೆಗಳನ್ನು, ಎಂದರೆ ಸತ್ತ ಕೋಶಗಳ ಗೋಡೆಗಳನ್ನು. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ. ಭಿತ್ತಿಯು ಸಸ್ಯಗಳಲ್ಲಿ ಸೆಲ್ಯುಲೋಸಿನಿಂದಾದ ಗಟ್ಟಿ ಗೋಡೆ. ಒಳಗಿನ ಜೀವ ಹೋದ ಮೇಲೂ ಅದು ನಿಂತಿರುತ್ತದೆ, ನಮ್ಮ ಕಡೆಯ ಹಾಳು ವಾಡೆಗಳ ಕಲ್ಲಿನ ಗೋಡೆಗಳು ನಿಂತಿರುವಂತೆ. ಪೊರೆ ಹಾಗಲ್ಲ, ಅದು ಕೋಶದೊಂದಿಗೇ ಹೋಗುತ್ತದೆ. ಜೀವಕೋಶಕ್ಕೆ ಹೆಸರು ಕೊಟ್ಟ ಮನುಷ್ಯನೇ ಅದರ ಮುಖ್ಯ ಗೆರೆಯನ್ನು ಕಂಡಿರಲಿಲ್ಲ ಎನ್ನುವುದು ನನಗೆ ಸಮಾಧಾನದ ವಿಷಯ ಎಂದರೆ ಓದುಗರು ನಗಬಾರದು.

ಕನ್ನಡದ ಹೆಸರುಗಳ ಬಗ್ಗೆ ಇಲ್ಲಿ ಒಂದು ಮಾತು. ನಮ್ಮಲ್ಲಿ ಕೋಶವೆಂದರೆ ಬೊಕ್ಕಸ. ಖಾಲಿ ಕೋಣೆಯಲ್ಲ, ಕಾಯಬೇಕಾದದ್ದು ಏನೋ ಒಳಗಿದೆ ಎಂಬ ಅರ್ಥ ಅದರಲ್ಲಿದೆ. ಪೊರೆ ಎಂಬುದಂತೂ ಇನ್ನೂ ಚೆಂದ. ಹಾವು ಕಳಚುವುದು ಪೊರೆ, ಕಣ್ಣಿಗೆ ಕವಿಯುವುದು ಪೊರೆ, ಹಳಗನ್ನಡದ ಓದುಗರಿಗೆ ಕಾಪಾಡು, ಸಲಹು ಎಂಬುದಕ್ಕೂ ಪೊರೆ. ಕನ್ನಡ ಮಾಧ್ಯಮದ ವಿಜ್ಞಾನದ ಪದಗಳು ಮಕ್ಕಳಿಗೆ ಭಾರವೆಂದು ದೂರುವವರ ಜೊತೆ ನಾನೂ ದೂರಿದ್ದೇನೆ, ಆದರೆ ಈ ಎರಡು ಪದಗಳ ಮಟ್ಟಿಗೆ ಆ ದೂರನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಉಳ್ಳಾಗಡ್ಡಿಯ ಸಿಪ್ಪೆಯ ಪ್ರಯೋಗ ಎಲ್ಲರಿಗೂ ನೆನಪಿರುತ್ತದೆ. ಉಳ್ಳಾಗಡ್ಡಿಯ ಪದರದ ಒಳಮೈಯಿಂದ ತೆಳುವಾದ ಹಾಳೆಯನ್ನು ಚಿಮಟಿಗೆಯಿಂದ ಎಳೆದು, ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಹರಡಿ, ಒಂದು ತೊಟ್ಟು ಬಣ್ಣ ಹಾಕಿ ನೋಡಿದರೆ ಇಟ್ಟಿಗೆಯ ಗೋಡೆಯಂತೆ ಸಾಲುಸಾಲು ಕೋಶಗಳು ಕಾಣುತ್ತವೆ. ಅದರಲ್ಲಿಯೂ ಕಾಣುವುದು ಭಿತ್ತಿಯೇ. ಪೊರೆಯನ್ನು ತೋರಿಸುವ ಪ್ರಯೋಗ ಇನ್ನೊಂದಿದೆ. ಶಾಲೆಗಳಲ್ಲಿ ಅದನ್ನು ಸಾಮಾನ್ಯವಾಗಿ ಓದಿಸಿ ಮುಗಿಸುತ್ತಾರೆ, ಮಾಡಿಸುವುದು ಕಡಿಮೆ. ಕೆಳಮೈ ನೇರಳೆ ಬಣ್ಣವಿರುವ ರಿಯೋ ಗಿಡದ ಎಲೆಯ ಸಿಪ್ಪೆಯನ್ನು ನೀರಿನಲ್ಲಿಟ್ಟು ನೋಡಿದರೆ ಕೋಶದ ತುಂಬ ಬಣ್ಣ ತುಂಬಿರುತ್ತದೆ. ಆ ನೀರಿನ ಬದಲು ಗಟ್ಟಿಯಾದ ಉಪ್ಪಿನ ದ್ರಾವಣ ಹಾಕಿ ಕೆಲವು ನಿಮಿಷ ಕಾದರೆ ಕೋಶದೊಳಗಿನ ನೀರು ಹೊರಗೆ ಹೋಗುತ್ತದೆ, ಗೋಡೆ ನಿಂತಲ್ಲೇ ನಿಂತಿರುತ್ತದೆ, ಒಳಗಿನ ನೇರಳೆ ಗಂಟು ಮಾತ್ರ ಗೋಡೆಯನ್ನು ಬಿಟ್ಟು ಸುಕ್ಕುಗಟ್ಟಿ ನಡುವಿಗೆ ಸರಿಯುತ್ತದೆ. ಆ ಗಂಟಿನ ಅಂಚೇ ಪೊರೆ. ಅದು ಸ್ವತಃ ಕಾಣುವುದಿಲ್ಲ, ಸರಿದಾಗ ಅದು ಇರುವ ಜಾಗ ಗೊತ್ತಾಗುತ್ತದೆ. ಮಾವಿನಕಾಯಿಯ ಹೋಳಿಗೆ ಉಪ್ಪು ಹಚ್ಚಿ ಭರಣಿಯಲ್ಲಿಟ್ಟಾಗ ಮರುದಿನ ನೀರು ಬಿಟ್ಟಿರುವುದರ ಮೊದಲ ಹೆಜ್ಜೆಯೂ ಇದೇ.

ಇದರ ಎರಡನೆಯ ಭಾಗವೇ ನಿಜವಾದ ಪಾಠ. ಅದೇ ಎಲೆಯನ್ನು ಕೆಲವು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಮತ್ತೆ ಉಪ್ಪಿನ ದ್ರಾವಣದಲ್ಲಿಟ್ಟರೆ ಆ ಗಂಟು ಸುಕ್ಕುಗಟ್ಟುವುದಿಲ್ಲ. ಗೋಡೆ ಹಾಗೆಯೇ ಇದೆ, ಒಳಗಿನ ಸಾಮಗ್ರಿಯೂ ಬಹುಮಟ್ಟಿಗೆ ಅಲ್ಲೇ ಇದೆ, ಆದರೆ ಪೊರೆ ಕೆಟ್ಟುಹೋಗಿರುವುದರಿಂದ ಉಪ್ಪಿಗೂ ನೀರಿಗೂ ಒಳಗು ಹೊರಗು ಎಂಬ ಭೇದವೇ ಉಳಿದಿರುವುದಿಲ್ಲ. ನಗರದ ಶಾಲೆಗೆ ಬಂದ ಮೇಲೆ, ಅಲ್ಲಿನ ಕೈತೋಟದಲ್ಲಿ ರಿಯೋ ಇದ್ದ ಕಾರಣ, ಇದನ್ನು ಮೊದಲ ಬಾರಿ ಮಾಡಿ ನೋಡಿದೆ. ಸತ್ತದ್ದಕ್ಕೂ ಬದುಕಿರುವುದಕ್ಕೂ ಇರುವ ವ್ಯತ್ಯಾಸವನ್ನು ಅಷ್ಟು ಸರಳವಾಗಿ ನನಗೆ ತೋರಿಸಿದ್ದು ಬೇರೊಂದಿಲ್ಲ.

ಗೆರೆಯ ದಪ್ಪದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ದೇಹದ ಒಂದು ಸಾಧಾರಣ ಕೋಶದ ಅಡ್ಡಳತೆ 20 ಮೈಕ್ರೊಮೀಟರ್, ಎಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಎಂದಿಟ್ಟುಕೊಳ್ಳೋಣ. ಅದನ್ನು ನಾನು ಹಲಗೆಯ ಮೇಲೆ ಅರ್ಧ ಮೀಟರ್ ಅಗಲಕ್ಕೆ ಬರೆದರೆ 25,000 ಪಟ್ಟು ಹಿಗ್ಗಿಸಿದಂತಾಯಿತು. ಪೊರೆಯ ನಿಜವಾದ ದಪ್ಪ ಸುಮಾರು 7ರಿಂದ 8 ನ್ಯಾನೊಮೀಟರ್. ಅಷ್ಟೇ ಪಟ್ಟು ಹಿಗ್ಗಿಸಿದರೆ ಅದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟಾಗುತ್ತದೆ. ಸೀಮೆಸುಣ್ಣದ ಗೆರೆ ಮೂರು ಮಿಲಿಮೀಟರಿಗಿಂತ ಕಡಿಮೆ ಬರುವುದಿಲ್ಲ. ಹಾಗಾಗಿ ಇಪ್ಪತ್ತೊಂಬತ್ತು ವರ್ಷ ನಾನು ಪೊರೆಯನ್ನು ಹದಿನೈದು ಪಟ್ಟು ದಪ್ಪ ಬರೆದೆ, ಅದರ ಬಗ್ಗೆ ಮಾತಾಡಿದ್ದು ಮಾತ್ರ ಹದಿನೈದು ಪಟ್ಟು ಕಡಿಮೆ.

ಸಾಧಾರಣ ಸೂಕ್ಷ್ಮದರ್ಶಕಕ್ಕೆ ನಿಲುಕದ ಇಂಥ ತೆಳುವಾದ ವಸ್ತುವಿನ ರಚನೆಯನ್ನು ಕಣ್ಣಿಗೆ ಕಾಣುವ ಮೊದಲೇ ಪತ್ತೆಹಚ್ಚಿದ ಕಥೆ ನನಗೆ ಬಹಳ ಇಷ್ಟ. 1925ರಲ್ಲಿ ನೆದರ್‌ಲೆಂಡಿನ ಲೈಡನ್ನಿನಲ್ಲಿ ಮಕ್ಕಳ ವೈದ್ಯರಾಗಿದ್ದ ಗಾರ್ಟರ್ ಮತ್ತು ಅವರ ಸಹೋದ್ಯೋಗಿ ಗ್ರೆಂಡೆಲ್ ಮನುಷ್ಯ, ನಾಯಿ, ಕುರಿ, ಆಡು, ಮೊಲ ಮುಂತಾದವುಗಳ ಕೆಂಪು ರಕ್ತಕಣಗಳನ್ನು ತೆಗೆದುಕೊಂಡರು. ಸಸ್ತನಿಗಳ ಬಲಿತ ಕೆಂಪು ಕಣದಲ್ಲಿ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯವಿಲ್ಲ; ಇರುವ ಪೊರೆಯೆಲ್ಲ ಹೊರಗಿನ ಒಂದೇ ಪೊರೆ. ಅದರ ಕೊಬ್ಬಿನ ಅಂಶವನ್ನು ಅಸಿಟೋನಿನಿಂದ ಕರಗಿಸಿ ತೆಗೆದು, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ, ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆದರು. ಕಣಗಳ ಒಟ್ಟು ಹೊರಮೈಯ ಎರಡರಷ್ಟು ಜಾಗವನ್ನು ಅದು ಹಿಡಿಯಿತು. ಅಂದ ಮೇಲೆ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಸಾಲಾಗಿ ನಿಂತಿವೆ ಎಂಬ ತೀರ್ಮಾನಕ್ಕೆ ಬಂದರು. ಆ ತೀರ್ಮಾನ ಸರಿ. ತಮಾಷೆಯೆಂದರೆ ಅವರ ಅಳತೆಯಲ್ಲಿ ಎರಡು ತಪ್ಪುಗಳಿದ್ದವೆಂದು ಮುಂದೆ ತಿಳಿಯಿತು: ಅಸಿಟೋನು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣಗಳ ಹೊರಮೈಯನ್ನೂ ಅವರು ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪುಗಳೂ ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಯಿತು. ಗಣಿತದ ಪತ್ರಿಕೆಯಲ್ಲಿ ಇಂಥವರಿಗೆ ಎಷ್ಟು ಅಂಕ ಕೊಡಬೇಕೆಂಬ ಚರ್ಚೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಎಷ್ಟೋ ಸಲ ನಡೆದಿದೆ.

ಎರಡು ಸಾಲು ಏಕೆ ಎಂಬುದು ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆ ಕಷ್ಟದ ವಿಷಯವಲ್ಲ. ಪೊರೆಯ ಮುಖ್ಯ ಅಣುವಾದ ಫಾಸ್ಫೋಲಿಪಿಡ್‌ನ ತಲೆಗೆ ನೀರೆಂದರೆ ಇಷ್ಟ, ಎರಡು ಬಾಲಗಳು ಎಣ್ಣೆಯ ಜಾತಿಯವು, ನೀರನ್ನು ಕಂಡರೆ ದೂರ ಸರಿಯುವಂಥವು. ಅಂಥ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ಬಾಲಕ್ಕೆ ಬಾಲ ಸೇರಿಸಿ, ತಲೆಗಳನ್ನು ಎರಡೂ ಕಡೆಯ ನೀರಿಗೆ ಒಡ್ಡಿ, ಯಾರೂ ಹೇಳದೆ ಎರಡು ಪದರವಾಗಿ ನಿಲ್ಲುತ್ತವೆ. ಆ ಹಾಳೆಯ ತುದಿಯಲ್ಲಿ ಮಾತ್ರ ಬಾಲಗಳು ನೀರಿಗೆ ತೆರೆದುಕೊಳ್ಳುತ್ತವೆ, ಅದು ಅವುಗಳಿಗೆ ಸಲ್ಲದು. ಆದ್ದರಿಂದ ಹಾಳೆಯು ಬಾಗಿ, ತುದಿಗೆ ತುದಿ ಕೂಡಿ ಚೀಲವಾಗುತ್ತದೆ. ಸಣ್ಣ ಹರಕು ಬಿದ್ದರೂ ತಾನಾಗಿ ಕೂಡಿಕೊಳ್ಳುತ್ತದೆ. ಇಲ್ಲಿಗೆ ನನ್ನ ವಿದ್ಯಾರ್ಥಿನಿಯ ತುಂಡುಗೆರೆ ತಪ್ಪು ಎಂದಾಯಿತು. ಪೊರೆಗೆ ಬಿಡಿ ತುದಿ ಎಂಬುದೇ ಇರುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅದು ನಡುವೆ ತಿಳಿಯಾದ ಜಾಗವಿರುವ ಎರಡು ಕಪ್ಪು ಗೆರೆಗಳಾಗಿ, ವಾಡಿ ಜಂಕ್ಷನ್ನಿನಿಂದ ಹೊರಟ ರೈಲು ಹಳಿಯ ಹಾಗೆ, ಎಲ್ಲಿಯೂ ಮುರಿಯದೆ ಕೋಶದ ಸುತ್ತ ಹೋಗಿರುತ್ತದೆ.

ಆದರೆ ಅವಳು ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು. ಎರಡು ಪದರ ಕೊಬ್ಬನ್ನು ದಾಟಿ ಆಮ್ಲಜನಕ, ಇಂಗಾಲದ ಡೈಆಕ್ಸೈಡು ಸುಲಭವಾಗಿ ಹೋಗುತ್ತವೆ. ಸಕ್ಕರೆ ಹೋಗಲಾರದು, ಉಪ್ಪು ಕರಗಿದಾಗ ಬಿಡಿಯಾಗುವ ವಿದ್ಯುದಾವೇಶದ ಕಣಗಳಾದ ಅಯಾನುಗಳಂತೂ ಹೋಗಲಾರವು. ನೀರು ಅಷ್ಟಿಷ್ಟು ಜಿನುಗುತ್ತದೆ, ಆದರೆ ಮೂತ್ರಪಿಂಡದಂಥ ಅಂಗದಲ್ಲಿ ನಡೆಯುವ ನೀರಿನ ಓಡಾಟಕ್ಕೆ ಆ ಜಿನುಗು ಸಾಲದು. ಪೊರೆಯಲ್ಲಿ ನೀರಿಗೇ ಮೀಸಲಾದ ಬಾಗಿಲು ಇರಬೇಕೆಂಬ ಊಹೆ ಬಹುಕಾಲ ಊಹೆಯಾಗಿಯೇ ಇತ್ತು. ಅಮೆರಿಕದ ಪೀಟರ್ ಆಗ್ರೆ ಎಂಬ ವೈದ್ಯ ವಿಜ್ಞಾನಿ ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನನ್ನು ಹುಡುಕುತ್ತಿದ್ದಾಗ ಕೆಂಪು ಕಣದ ಪೊರೆಯಲ್ಲಿ ಬೇಡದ ಇನ್ನೊಂದು ಪ್ರೋಟೀನು ಜೊತೆಯಲ್ಲಿ ಬರುತ್ತಿತ್ತು. ಅದನ್ನು ಬಿಸಾಡದೆ ಹಿಂಬಾಲಿಸಿದರು. 1992ರಲ್ಲಿ ಕಪ್ಪೆಯ ಅಂಡಕೋಶಗಳಲ್ಲಿ ಆ ಪ್ರೋಟೀನು ತಯಾರಾಗುವಂತೆ ಮಾಡಿ, ಆ ಅಂಡಗಳನ್ನು ಲವಣ ಕಡಿಮೆಯಿರುವ ನೀರಿನಲ್ಲಿಟ್ಟಾಗ ಅವು ಉಬ್ಬಿ ಒಡೆದುಹೋದವು. ಪಕ್ಕದಲ್ಲಿದ್ದ ಸಾಮಾನ್ಯ ಅಂಡಗಳಿಗೆ ಏನೂ ಆಗಲಿಲ್ಲ. ಆ ಬಾಗಿಲಿಗೆ ಅಕ್ವಾಪೋರಿನ್ ಎಂದು ಹೆಸರಾಯಿತು, 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಒಂದು ಬಾಗಿಲಿನಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೊಂದು ಸಾಲಾಗಿ ದಾಟುತ್ತವೆ, ಆದರೆ ನೀರಿನ ಅಣುವಿಗಿಂತಲೂ ಸಣ್ಣದಾದ ಪ್ರೋಟಾನು, ಎಂದರೆ ಹೈಡ್ರೋಜನ್ನಿನ ಅಯಾನು, ಅದೇ ದಾರಿಯಲ್ಲಿ ದಾಟುವುದಿಲ್ಲ. ಜರಡಿಯಲ್ಲಿ ಸಣ್ಣದು ಹೋಗಿ ದೊಡ್ಡದು ನಿಲ್ಲುತ್ತದೆ, ಇದು ಜರಡಿಯಲ್ಲ.

ಬಾಗಿಲು ಎಂದಾಗ ಇನ್ನೊಂದು ತಪ್ಪೊಪ್ಪಿಗೆ ಮಾಡಬೇಕು. ಮಕ್ಕಳಿಗೆ ತಿಳಿಯಲೆಂದು ನಾನು ಪೊರೆಯನ್ನು ನಮ್ಮ ಊರಿನ ಕೋಟೆಗೆ ಹೋಲಿಸುತ್ತಿದ್ದೆ: ಬಹಮನಿ ಸುಲ್ತಾನರ ಕೋಟೆ, ಸುತ್ತ ಕಂದಕ, ಅಲ್ಲಲ್ಲಿ ಕಾವಲಿರುವ ಬಾಗಿಲು. ಈ ಹೋಲಿಕೆ ಅರ್ಧ ದಾರಿಗೇ ಕೈಬಿಡುತ್ತದೆ. ಕೋಟೆಯ ಕಲ್ಲು ಇಟ್ಟಲ್ಲಿ ಇರುತ್ತದೆ, ಪೊರೆಯಾದರೋ ದ್ರವ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಎಂಬಿಬ್ಬರು ಇಲಿಯ ಒಂದು ಕೋಶವನ್ನೂ ಮನುಷ್ಯನ ಒಂದು ಕೋಶವನ್ನೂ ಬೆಸೆದು, ಎರಡರ ಪೊರೆಯ ಪ್ರೋಟೀನುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ ನೋಡಿದರು. ಮೊದಲು ಒಂದು ಬದಿಗೆ ಒಂದು ಬಣ್ಣ, ಇನ್ನೊಂದು ಬದಿಗೆ ಇನ್ನೊಂದು; ನಲವತ್ತು ನಿಮಿಷದಲ್ಲಿ ಎರಡೂ ಬೆರೆತುಹೋದವು. ಕೋಟೆಯ ಬಾಗಿಲುಗಳು ಗೋಡೆಯಲ್ಲಿ ತೇಲುತ್ತಾ ಮೂಡಣದಿಂದ ಪಡುವಣಕ್ಕೆ ಹೋಗುವುದನ್ನು ಊಹಿಸಿಕೊಳ್ಳಬೇಕು. ಎರಡು ವರ್ಷಗಳ ನಂತರ ಸಿಂಗರ್ ಮತ್ತು ನಿಕಲ್ಸನ್ ಇದನ್ನೆಲ್ಲ ಕೂಡಿಸಿ ಕೊಟ್ಟ ಚಿತ್ರವನ್ನೇ ಇಂದು ಪಠ್ಯಗಳು ಬಳಸುತ್ತವೆ.

ಪೊರೆಯ ಬಾಗಿಲಿನ ಬೆಲೆ ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ಹಳ್ಳಿಯಲ್ಲಿದ್ದಾಗ ಒಂದು ಮೇ ತಿಂಗಳಲ್ಲಿ, ಹೊರಗೆ 43 ಡಿಗ್ರಿ ಬಿಸಿಲಿದ್ದಾಗ, ಕುಡಿಯುವ ನೀರು ಕೆಟ್ಟು ಮನೆಮನೆಯಲ್ಲಿ ವಾಂತಿಭೇದಿ ಶುರುವಾಯಿತು. ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣಗಳನ್ನು ಹಿಡಿದು ಓಡಾಡುತ್ತಿದ್ದಳು. ಶಾಲೆಗೆ ರಜೆ ಇದ್ದುದರಿಂದ ಕಲಸುವ ಬಗೆ ತಿಳಿಸಲು ನಾನೂ ಜೊತೆಗೆ ಹೋದೆ. ಒಬ್ಬ ಅಜ್ಜಿ ಕೇಳಿದಳು: "ಉಪ್ಪು ಹಾಕದು ಖರೆ, ಸಕ್ರಿ ಯಾಕ ಹಾಕ್ತಾರ್ರಿ ಮಾಸ್ತರ? ಬಾಯಿ ರುಚಿಗೇನು?" ನಾನು "ಶಕ್ತಿ ಬರಲಿ ಅಂತ" ಎಂದೆ. ಆ ಉತ್ತರ ಸರಿಯಾದದ್ದಲ್ಲ. ಸಣ್ಣಕರುಳಿನ ಕೋಶಗಳ ಪೊರೆಯಲ್ಲಿ ಒಂದು ಬಗೆಯ ಬಾಗಿಲಿದೆ. ಅದು ಸಕ್ಕರೆಯ ಜಾತಿಯ ಗ್ಲೂಕೋಸ್ ಮತ್ತು ಉಪ್ಪಿನಲ್ಲಿರುವ ಸೋಡಿಯಂ ಎರಡೂ ಕೂಡಿ ಬಂದಾಗ ಮಾತ್ರ ಒಳಗೆ ಬಿಡುತ್ತದೆ. ಕಾಲರಾದಲ್ಲಿ ಬೇರೆ ಎಷ್ಟೋ ದಾರಿಗಳು ಕೆಟ್ಟರೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ. ಸಕ್ಕರೆಯ ಕೈ ಹಿಡಿದು ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. ಇದನ್ನು ಮೊದಲು ಸೂಚಿಸಿದವರು ರಾಬರ್ಟ್ ಕ್ರೇನ್, 1960ರಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಕಾಲರಾದಿಂದ ನೂರಕ್ಕೆ ಮೂವತ್ತರಷ್ಟು ಜನ ಸಾಯುತ್ತಿದ್ದ ಕಡೆ ಅದು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಜೊತೆಗಿರುವ ಸಿಟ್ರೇಟ್ ಲವಣದ ಸೋಡಿಯಮ್ಮನ್ನೂ ಸೇರಿಸಿದರೆ ಅಣುಗಳ ಲೆಕ್ಕದಲ್ಲಿ ಸೋಡಿಯಂ ಎಷ್ಟೋ ಗ್ಲೂಕೋಸೂ ಅಷ್ಟೇ ಇರುವಂತೆ. ಅಜ್ಜಿಗೆ ಇದನ್ನು ಹೇಳಬಹುದಿತ್ತು. ಜೋಡಿ ಇದ್ದರೆ ಮಾತ್ರ ಬಾಗಿಲು ತೆಗೆಯುವ ಮನೆ ಎಂದಿದ್ದರೆ ಅವಳಿಗೆ ನನಗಿಂತ ಬೇಗ ತಿಳಿಯುತ್ತಿತ್ತು.

ಹೊರಗೆರೆಯನ್ನು ಬಿಟ್ಟು ಒಳಕ್ಕೆ ಹೋದರೂ ಸಿಗುವುದು ಹೆಚ್ಚಾಗಿ ಗೆರೆಗಳೇ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ನಾಲಿಗೆ ಹೊರಳದ ಹೆಸರಿನದು ಮಡಿಕೆ ಮಡಿಕೆಯಾಗಿ ಹಬ್ಬಿದ ಒಂದೇ ಪೊರೆ. ಗಾಲ್ಗಿ ಸಂಕೀರ್ಣ ಪೊರೆಯ ಚಪ್ಪಟೆ ಚೀಲಗಳ ಅಟ್ಟಿ, ತಟ್ಟೆಯಲ್ಲಿ ಒಂದರ ಮೇಲೊಂದು ಒಟ್ಟಿದ ರೊಟ್ಟಿಗಳ ಹಾಗೆ. 1898ರಲ್ಲಿ ಕ್ಯಾಮಿಲ್ಲೊ ಗಾಲ್ಗಿ ಗೂಬೆಯ ಮೆದುಳಿನ ಕೋಶಗಳಲ್ಲಿ ಇದನ್ನು ಕಂಡು ಹೇಳಿದ ಮೇಲೆ ಅರ್ಧ ಶತಮಾನ ಕಾಲ ಇದು ಬಣ್ಣ ಹಾಕಿದ್ದರಿಂದ ಹುಟ್ಟಿದ ಭ್ರಮೆ ಎಂದು ವಾದಿಸುವವರಿದ್ದರು. ಲೈಸೋಸೋಮು ಜೀರ್ಣಿಸುವ ಕಿಣ್ವಗಳನ್ನು ಕಟ್ಟಿಟ್ಟ ಪೊರೆಯ ಚೀಲ. ಆ ಗೆರೆ ಇಲ್ಲದಿದ್ದರೆ ಕಿಣ್ವಗಳು ಕೋಶವನ್ನೇ ಜೀರ್ಣಿಸಲು ತೊಡಗುತ್ತವೆ. ಸಸ್ಯಕೋಶದ ನಡುವಿನ ರಸದಾನಿಯೂ ಅಂಥದೇ ಚೀಲ, ರಿಯೋ ಎಲೆಯ ನೇರಳೆ ಬಣ್ಣವಿದ್ದದ್ದು ಅದರಲ್ಲಿ. ರೈಬೋಸೋಮಿಗೆ ಮಾತ್ರ ಪೊರೆಯಿಲ್ಲ. ಅದು ಪ್ರೋಟೀನು ಕಟ್ಟುವ ಯಂತ್ರ. ನಮ್ಮ ದೇಶದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ 2009ರ ನೊಬೆಲ್ ಪ್ರಶಸ್ತಿಯ ಪಾಲು ಬಂದದ್ದು ಅದರ ರಚನೆಯನ್ನು ಬಿಡಿಸಿದ್ದಕ್ಕಾಗಿ, ಹಾಗಾಗಿ ಮಕ್ಕಳಿಗೆ ಆ ಹೆಸರು ಬೇಗ ನೆನಪುಳಿಯುತ್ತದೆ.

ಕೋಶಕೇಂದ್ರದ ಹತ್ತಿರ ಬಂದಾಗ ನನ್ನ ಅರ್ಧ ಅಂಕದ ವ್ಯಾಜ್ಯ ಮತ್ತೆ ಎದ್ದು ನಿಲ್ಲುತ್ತದೆ. ನಮ್ಮ ಒಂದೊಂದು ಕೋಶದ ಕೇಂದ್ರದಲ್ಲಿಯೂ ಉದ್ದಕ್ಕೆ ಜೋಡಿಸಿದರೆ ಎರಡು ಮೀಟರ್ ಆಗುವಷ್ಟು ಡಿಎನ್‌ಎ 46 ವರ್ಣತಂತುಗಳಾಗಿ ಸುತ್ತಿಕೊಂಡಿದೆ. ಆ ಡಿಎನ್‌ಎಯ ಬರಹ ಓದಿ ಪ್ರೋಟೀನು ಕಟ್ಟುವ ರೈಬೋಸೋಮುಗಳು ಕೆಲಸ ಮಾಡುವುದು ಹೊರಗೆ. ನಡುವೆ ಎರಡು ಪೊರೆಗಳ ಹೊದಿಕೆ. ಒಳಗಿನ ಸಂದೇಶ ಹೊರಗೆ ಬರಬೇಕು, ಹೊರಗೆ ತಯಾರಾದ ಪ್ರೋಟೀನು ಒಳಗೆ ಹೋಗಬೇಕು, ಅವು ಅಕ್ವಾಪೋರಿನ್ನಿನಂಥ ಸಣ್ಣ ಬಾಗಿಲಿಗೆ ಹಿಡಿಸುವ ವಸ್ತುಗಳಲ್ಲ. ಹಾಗಾಗಿ ಈ ಹೊದಿಕೆಯಲ್ಲಿ ನಿಜವಾಗಿಯೂ ರಂಧ್ರಗಳಿವೆ. ರಂಧ್ರದ ಅಂಚಿನಲ್ಲಿ ಹೊರಪೊರೆಯು ಬಾಗಿ ಒಳಪೊರೆಯನ್ನು ಕೂಡಿಕೊಂಡಿರುತ್ತದೆ, ನಡುವಿನ ದಾರಿಯನ್ನು ಪ್ರೋಟೀನುಗಳ ದೊಡ್ಡದೊಂದು ಚೌಕಟ್ಟು ಕಾಯುತ್ತದೆ. ಒಂದೊಂದು ಕೋಶಕೇಂದ್ರದಲ್ಲಿ ಇಂಥವು ಸಾವಿರಗಟ್ಟಲೆ. ಅಡ್ಡ ಸೀಳಿ ನೋಡಿದಾಗ ಕೋಶಕೇಂದ್ರದ ಗೆರೆ ತುಂಡುತುಂಡಾಗಿಯೇ ಕಾಣುತ್ತದೆ. ನನ್ನ ವಿದ್ಯಾರ್ಥಿನಿ ಹೊರಗೆರೆಯನ್ನು ತುಂಡು ಮಾಡಿ ಕೋಶಕೇಂದ್ರದ ಗೆರೆಯನ್ನು ಅಖಂಡವಾಗಿ ಬರೆದಿದ್ದಳು. ನಾನು ಹಲಗೆಯ ಮೇಲೆ ಎರಡನ್ನೂ ಅಖಂಡವಾಗಿ ಬರೆಯುತ್ತಿದ್ದೆ. ಎಲ್ಲಿ ಬಿಡಬೇಕೋ ಅಲ್ಲಿ ಜಾಗ ಬಿಡದೆ ಬೇರೆ ಕಡೆ ಬಿಟ್ಟವಳ ಅರ್ಧ ಅಂಕ ಹೋಯಿತು. ಎಲ್ಲಿಯೂ ಬಿಡದವನ ಅಂಕ ಕಡಿಯುವವರು ಯಾರೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಒಂದು ಸೂಜಿಮೊನೆಯಷ್ಟು ಸೋರಿಕೆಯನ್ನೂ ತಾಳದ ಗೆರೆ ಮೈಟೊಕಾಂಡ್ರಿಯದ ಒಳಪೊರೆ. ತಿಂದ ಅನ್ನದಿಂದ ಬಿಡುಗಡೆಯಾದ ಶಕ್ತಿಯನ್ನು ಬಳಸಿ ಈ ಪೊರೆಯು ಪ್ರೋಟಾನುಗಳನ್ನು ಒಂದು ಬದಿಗೆ ತಳ್ಳಿ ಒಟ್ಟುತ್ತದೆ. ಒಟ್ಟಿದ ಪ್ರೋಟಾನುಗಳು ತಿರುಗಿ ಬರಲು ಒಂದೇ ಮುಖ್ಯ ದಾರಿ, ಗಾಣದಂತೆ ಗರಗರ ತಿರುಗುವ ಒಂದು ಪ್ರೋಟೀನು; ಅದು ತಿರುಗಿದಂತೆಲ್ಲ ಕೋಶದ ಚಲಾವಣೆಯ ನಾಣ್ಯವಾದ ಎಟಿಪಿ ತಯಾರಾಗುತ್ತದೆ. ನಾರಾಯಣಪುರದ ಅಣೆಕಟ್ಟಿನಲ್ಲಿ ಕೃಷ್ಣೆಯ ನೀರು ಎತ್ತರದಲ್ಲಿ ನಿಂತಿರುವಂತೆ ಇಲ್ಲಿ ಪ್ರೋಟಾನುಗಳು ನಿಂತಿರುತ್ತವೆ. ಬ್ರಿಟನ್ನಿನ ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ನಂಬಿದವರು ಕಡಿಮೆ, 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಅಣೆಕಟ್ಟು ಸೋರಿದರೆ ಏನಾಗುತ್ತದೆ ಎಂಬುದಕ್ಕೆ ಕ್ರೂರವಾದ ಒಂದು ಸಾಕ್ಷಿಯಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಬೊಜ್ಜು ಕರಗಿಸಲೆಂದು ಡೈನೈಟ್ರೋಫೀನಾಲ್ ಎಂಬ ಮಾತ್ರೆಯನ್ನು ಮಾರಿದರು. ಅದು ಪ್ರೋಟಾನುಗಳನ್ನು ಹೊತ್ತು ಒಳಪೊರೆಯನ್ನು ದಾಟಿಸುತ್ತದೆ. ಗಾಣ ತಿರುಗದೆ ಅನ್ನವೆಲ್ಲ ಬರಿಯ ಬಿಸಿಯಾಗಿ ಹೋಗುತ್ತದೆ. ಜನ ತೆಳ್ಳಗಾದರು, ಕೆಲವರು ಮೈ ಕಾದು ಸತ್ತರು, 1938ರಲ್ಲಿ ಅದನ್ನು ನಿಲ್ಲಿಸಿದರು.

ಪೊರೆಯ ಬಗ್ಗೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿಯನ್ನು ಇನ್ನೂ ಹೇಳಿಲ್ಲ. ಕೋಶವು ಕೋಶದಿಂದಲೇ ಹುಟ್ಟುತ್ತದೆ ಎಂದು 1855ರಲ್ಲಿ ವಿರ್ಕೋ ಸಾರಿದ್ದನ್ನು ನಾವೆಲ್ಲ ಬಾಯಿಪಾಠ ಮಾಡಿಸಿದ್ದೇವೆ. ಅದರೊಳಗೆ ಅಡಗಿರುವ ಇನ್ನೊಂದು ಮಾತೆಂದರೆ ಪೊರೆಯೂ ಪೊರೆಯಿಂದಲೇ ಬೆಳೆಯುತ್ತದೆ. ಡಿಎನ್‌ಎಯಲ್ಲಿ ಪ್ರೋಟೀನುಗಳನ್ನು ಮಾಡುವ ಬರಹವಿದೆ, ಆದರೆ ಇಡೀ ಪೊರೆಯನ್ನು ಬರಿಗೈಯಿಂದ ಹೊಸದಾಗಿ ಕಟ್ಟುವ ಬರಹವಿಲ್ಲ. ಇರುವ ಪೊರೆಗೆ ಹೊಸ ಅಣುಗಳು ಸೇರಿ ಅದು ಹಿಗ್ಗುತ್ತದೆ, ಹಿಗ್ಗಿದ್ದು ಎರಡಾಗುತ್ತದೆ. ನಾನು ಆರಂಭವಾದದ್ದು ನನ್ನ ಅವ್ವನ ಒಂದು ಅಂಡಕೋಶದ ಗೆರೆಯೊಳಗೆ, ಅವಳು ಅವಳ ಅವ್ವನದರೊಳಗೆ. ಅಪ್ಪನಿಂದ ಬಂದದ್ದು ಹೆಚ್ಚುಕಡಿಮೆ ಡಿಎನ್‌ಎಯ ಅರ್ಧ ಪಾಲು ಮಾತ್ರ. ಮೈಟೊಕಾಂಡ್ರಿಯಗಳೂ ಅವ್ವನ ಕಡೆಯವೇ. ಹಾಗೆ ಹಿಂದೆ ಹಿಂದೆ ಹೋದರೆ, ಭೂಮಿಯ ಮೇಲೆ ಜೀವ ಹುಟ್ಟಿದ 350 ಕೋಟಿ ವರ್ಷಗಳಿಗೂ ಹಿಂದಿನ ಕಾಲದವರೆಗೆ, ಈ ಗೆರೆ ಒಂದು ಸಲವೂ ಪೂರ್ತಿ ಹರಿದಿಲ್ಲ. ಹರಿದಿದ್ದರೆ ಆ ವಂಶ ಅಲ್ಲಿಗೇ ನಿಂತಿರುತ್ತಿತ್ತು.

ಮೈಟೊಕಾಂಡ್ರಿಯ ಒಂದು ಕಾಲಕ್ಕೆ ಬೇರೆಯಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾ ಎಂಬ ವಿಚಾರವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಬಲವಾಗಿ ಮಂಡಿಸಿದರು. ಅದಕ್ಕೆ ಮುನ್ನ ಹತ್ತಾರು ಪತ್ರಿಕೆಗಳು ಆ ಬರಹವನ್ನು ಹಿಂದಕ್ಕೆ ಕಳಿಸಿದ್ದವು. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಉಂಗುರದಂಥ ಡಿಎನ್‌ಎ ಇದೆ, ಮನುಷ್ಯರಲ್ಲಿ ಅದರ ಉದ್ದ 16,569 ಅಕ್ಷರ. ಅದರ ರೈಬೋಸೋಮುಗಳು ಬ್ಯಾಕ್ಟೀರಿಯಾದವನ್ನು ಹೋಲುತ್ತವೆ. ಅದು ಸೀಳಿಕೊಂಡೇ ಎರಡಾಗುತ್ತದೆ. ಯಾವುದೋ ಕಾಲದಲ್ಲಿ ಒಂದು ಕೋಶ ಇನ್ನೊಂದನ್ನು ತನ್ನ ಗೆರೆಯೊಳಗೆ ಸೇರಿಸಿಕೊಂಡಿತು, ಬಂದದ್ದು ಹೊರಗೆ ಹೋಗಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೇ ಅದು ಪುರಾಣದಂತೆ ಕೇಳುತ್ತಿತ್ತು. ಒಂದು ಕೋಶ ಇನ್ನೊಂದರೊಳಗೆ ಸುಮ್ಮನೆ ಇರುವುದನ್ನು ನೋಡಲು 150 ಕೋಟಿ ವರ್ಷ ಹಿಂದೆ ಹೋಗಬೇಕಾಗಿಲ್ಲ, ಚಿತ್ತಾಪುರದ ಬಳಿ ತಮ್ಮ ನೋಡಿಕೊಳ್ಳುವ ನಮ್ಮ ತೊಗರಿಯ ಹೊಲಕ್ಕೆ ಹೋದರೆ ಸಾಕು ಎಂದು ನನಗೆ ಹೊಳೆದದ್ದು ಕಳೆದ ಸೆಪ್ಟೆಂಬರಿನಲ್ಲಿ.

ಮಳೆ ಬಿಟ್ಟು ಎರಡು ದಿನವಾಗಿತ್ತು, ಕಪ್ಪುಮಣ್ಣು ಇನ್ನೂ ಮೆತ್ತಗಿತ್ತು. ಒಂದು ಗಿಡವನ್ನು ಸುತ್ತಲೂ ಸಲಿಕೆಯಿಂದ ಸಡಿಲಿಸಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಕೊಡದ ನೀರಿನಲ್ಲಿ ಅದ್ದಿ ಅದ್ದಿ ತೊಳೆದೆ. ಜಗ್ಗಿ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ತಮ್ಮ ದೂರದಿಂದ ನೋಡಿ, "ಬೇರಿನ್ಯಾಗ ಏನ್ ಹುಡುಕ್ಲಾಕತ್ತಿ ಅಣ್ಣಾ? ನೆಟೆರೋಗೇನರೆ ಬಂದದೇನು?" ಎಂದು ಗಾಬರಿಯಿಂದ ಬಂದ. ಆ ರೋಗದ ಹೆಸರು ಹೇಳಿದರೆ ನಮ್ಮ ಕಡೆಯ ಯಾವ ರೈತನಿಗಾದರೂ ಎದೆ ಧಸಕ್ಕೆನ್ನುತ್ತದೆ. ಇಲ್ಲವೆಂದು ಹೇಳಿ, ಬೇರಿಗೆ ಅಂಟಿದ ಜೋಳದ ಕಾಳಿನಷ್ಟು ಗಾತ್ರದ ಗಂಟುಗಳನ್ನು ತೋರಿಸಿ, ಒಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿದೆ. ಒಳಗೆ ಹಸಿ ಮಾಂಸದಂಥ ಕೆಂಪು.

"ರಕ್ತ ಇದ್ದಂಗದ," ಎಂದ ತಮ್ಮ.

ಅವನ ಮಾತು ಸುಳ್ಳಲ್ಲ. ಆ ಬಣ್ಣ ಬಂದಿರುವುದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗಕ್ಕೇ ಸೇರಿದ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಿಂದ. ಗಂಟಿನ ಒಂದೊಂದು ಸಸ್ಯಕೋಶದೊಳಗೆ ಸಾವಿರಾರು ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಕುಳಿತು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ಮಾಡಿಕೊಡುತ್ತಿರುತ್ತವೆ, ಗಿಡವು ತಾನು ತಯಾರಿಸಿದ ಆಹಾರದಲ್ಲಿ ಅವುಗಳಿಗೆ ಪಾಲು ಕೊಡುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಅದು ಕೆಡುತ್ತದೆ, ಬ್ಯಾಕ್ಟೀರಿಯಾದ ಉಸಿರಿಗೆ ಆಮ್ಲಜನಕ ಬೇಕೇ ಬೇಕು. ಎರಡರ ನಡುವೆ ಅದನ್ನು ಹಿಡಿದಿಟ್ಟು ಅಳೆದು ಅಳೆದು ಕೊಡುವುದು ಈ ಕೆಂಪು ಪ್ರೋಟೀನು. ಹೊರಗಿನಿಂದ ಬಂದ ಈ ಬ್ಯಾಕ್ಟೀರಿಯಾಗಳು ಸಸ್ಯಕೋಶದ ದ್ರವದಲ್ಲಿ ಬರಿಮೈಯಲ್ಲಿ ತೇಲುತ್ತಿರುವುದಿಲ್ಲ. ಒಳಗೆ ಬರುವಾಗ ಸಸ್ಯಕೋಶವು ತನ್ನ ಹೊರಪೊರೆಯನ್ನೇ ಒಳಕ್ಕೆ ಬಾಗಿಸಿ, ಅವುಗಳ ಸುತ್ತ ಒಂದು ಗೆರೆ ಎಳೆದು ಮುಚ್ಚಿರುತ್ತದೆ. ಅಮೋನಿಯಾ ಈಚೆಗೆ, ಆಹಾರ ಆಚೆಗೆ, ಎಲ್ಲವೂ ಆ ಗೆರೆಯನ್ನು ದಾಟಿಯೇ. ಗೆರೆ ಗಿಡದ್ದು, ಒಳಗಿರುವವರು ಬೇರೆಯವರು.

ತಮ್ಮನಿಗೆ ಅದನ್ನು ತೋರಿಸಲು ನಾನು ಸಲಿಕೆಯ ಕಾವಿನ ತುದಿಯಿಂದ ಹಸಿ ಮಣ್ಣಿನ ಮೇಲೆ ಒಂದು ದೊಡ್ಡ ದುಂಡು ಎಳೆದೆ, ಅದರೊಳಗೆ ಸಣ್ಣ ಸಣ್ಣ ದುಂಡುಗಳು, ಅವುಗಳೊಳಗೆ ಒಂದೊಂದು ಕಡ್ಡಿಯಂಥ ಬ್ಯಾಕ್ಟೀರಿಯಾ. ಈ ಬಾರಿ ಕೈ ತಾನಾಗಿ ಓಡಲಿಲ್ಲ. ಹೊರಗಿನ ದುಂಡನ್ನು ಪೂರ್ತಿ ಮುಚ್ಚಿ, ಅದರ ಮೇಲೆ ಅಲ್ಲಲ್ಲಿ ಬಾಗಿಲಿನ ಗುರುತಿಗೆ ತೊಗರಿಯ ಎಲೆಗಳನ್ನು ಇಟ್ಟೆ, ಕೋಶಕೇಂದ್ರದ ಗೆರೆಯಲ್ಲಿ ಬೆರಳಿನಿಂದ ಒರೆಸಿ ಜಾಗ ಬಿಟ್ಟೆ. ತಮ್ಮ ಸ್ವಲ್ಪ ಹೊತ್ತು ನೋಡಿ, ಗಿಡವನ್ನು ಮತ್ತೆ ನೆಟ್ಟರೆ ಹತ್ತುತ್ತದೆಯೇ ಎಂದು ಕೇಳಿದ. ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿದ್ದ ಗಂಟಿನ ಹೋಳುಗಳು ಗಾಳಿಗೆ ಕಂದಿ ಕಂದುಬಣ್ಣಕ್ಕೆ ತಿರುಗಿದ್ದವು.